ಕುಡಿತ ಬಿಟ್ಟವರ ಸಭೆ ಹುಡುಕಿ ಯಾದಗಿರಿಯಿಂದ ಕಲಬುರಗಿಗೆ

ಕುಡಿತ ಬಿಡಬೇಕು ಅಂತ ಮನಸ್ಸು ಮಾಡಿ, ಯಾರ ಹತ್ತಿರ ಹೋಗೋದು ಅಂತ ತಿಳಿಯದೆ ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಕುಡಿತ ಬಿಟ್ಟವರ ಸಭೆಗೆ ಬರೀ ವಿಳಾಸ ಹಿಡಿದುಕೊಂಡು ಹೋಗಬೇಡಿ. ಫೋನ್ ಮಾಡಿ, ಆ ಸಭೆಯ ಒಬ್ಬರ ಪರಿಚಯ ಮಾಡಿಕೊಂಡು ಹೋಗಿ.

ಅದಕ್ಕೂ ಮುಂಚೆ ಡಾಕ್ಟರ್. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಮೊದಲ ಎರಡು ದಿನದೊಳಗೇ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡು ಮೂರನೇ ದಿನ ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತದೆ, ಜೀವಕ್ಕೇ ಕುತ್ತು. ‘ಮನಸ್ಸು ಗಟ್ಟಿ ಮಾಡು, ಬಿಟ್ಟುಬಿಡು’ ಅನ್ನುವವರಿಗೆ ಇದು ಗೊತ್ತಿರುವುದಿಲ್ಲ. ನಾನು ಸರ್ಕಾರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋದೆ. ದಿನದಿನಕ್ಕೆ ಕಡಿಮೆ ಮಾಡುತ್ತಾ ಹೋಗುವ ಗುಳಿಗೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು. ಸಭೆಯಲ್ಲಿ ಇದ್ಯಾವುದೂ ಸಿಗುವುದಿಲ್ಲ. ಅದು ಚಿಕಿತ್ಸೆಯ ಜಾಗ ಅಲ್ಲ, ಬಿಟ್ಟ ಮೇಲೆ ಬಿಟ್ಟೇ ಇರುವುದಕ್ಕೆ ಜೊತೆ ಸಿಗುವ ಜಾಗ.

ಆಸ್ಪತ್ರೆಯ ಕೌನ್ಸೆಲರ್ ಮೇಡಂ ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಬಗ್ಗೆ ಹೇಳಿದರು. 1935ರಲ್ಲಿ ಅಮೆರಿಕದ ಆಕ್ರನ್ ಅನ್ನುವ ಊರಲ್ಲಿ, ಕುಡಿತದಿಂದ ನೆಲ ಕಚ್ಚಿದ್ದ ಇಬ್ಬರು, ಒಬ್ಬರು ಷೇರುಪೇಟೆಯವರು, ಇನ್ನೊಬ್ಬರು ಡಾಕ್ಟರ್, ಒಬ್ಬರ ಕಷ್ಟ ಒಬ್ಬರು ಕೇಳಿಸಿಕೊಳ್ಳುತ್ತಾ ಶುರುವಾದದ್ದು. ಫೀಸಿಲ್ಲ, ಅರ್ಜಿಯಿಲ್ಲ. ಕುಡಿತ ನಿಲ್ಲಿಸಬೇಕು ಅನ್ನುವ ಆಸೆ ಇದ್ದರೆ ಸಾಕು. ನಮ್ಮ ಕಡೆ ಹಳ್ಳಿಗಳಲ್ಲಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟವರೂ ಇದ್ದಾರೆ, ಅದೂ ಒಳ್ಳೆಯ ದಾರಿಯೇ. ನನಗೆ ವಾರವಾರ ಹೋಗುವಂಥದ್ದು ಬೇಕಿತ್ತು, ಮತ್ತೆ ನಮ್ಮೂರಿನವರ ಕಣ್ಣಿಗೆ ಬೀಳುವುದು ಬೇಡವಾಗಿತ್ತು. ಅದಕ್ಕೇ ಕಲಬುರಗಿ.

ಈ ಸಭೆಗಳು ಸಾಮಾನ್ಯವಾಗಿ ಶಾಲೆಯ ಕೋಣೆ, ಚರ್ಚಿನ ಹಾಲ್, ಹೀಗೆ ಯಾರೋ ಬಿಟ್ಟುಕೊಟ್ಟ ಜಾಗದಲ್ಲಿ ನಡೆಯುತ್ತವೆ. ಹೊರಗೆ ದೊಡ್ಡ ಬೋರ್ಡ್ ಇರುವುದಿಲ್ಲ. ಜಾಗ, ವೇಳೆ ಬದಲಾಗುತ್ತಿರುತ್ತವೆ, ಹಾಗಾಗಿ ಹಳೆಯ ಪಟ್ಟಿ ನಂಬಿಕೊಂಡು ಹೊರಟರೆ ಬೀಗ ನೋಡಿ ವಾಪಸ್ ಬರಬೇಕಾಗುತ್ತದೆ. ಎದುರಿನ ಚಹಾದಂಗಡಿಯಲ್ಲಿ ‘ಕುಡಿತ ಬಿಟ್ಟವರ ಸಭೆ ಎಲ್ಲಿ’ ಅಂತ ಕೇಳುವುದಕ್ಕೆ ಬಾಯಿ ಬರುತ್ತದಾ ಹೇಳಿ? ಮೇಡಂ ಒಬ್ಬ ಸದಸ್ಯರನ್ನು ಕೇಳಿ, ಅವರು ಹ್ಞೂಂ ಅಂದ ಮೇಲೆ ನಂಬರ್ ಕೊಟ್ಟರು.

ನಾನು ಆ ಸದಸ್ಯರಿಗೆ ಫೋನ್ ಮಾಡಿ ಕೇಳಿದ್ದು ಇಷ್ಟು. ಈ ವಾರ ಸಭೆ ಇದೆಯಾ, ಕನ್ನಡದಲ್ಲಿ ಮಾತಾಡಬಹುದಾ, ಮನೆಯವರನ್ನು ಕರೆದುಕೊಂಡು ಬರಬಹುದಾ. ಓಪನ್ ಮೀಟಿಂಗ್‌ಗೆ ಯಾರು ಬೇಕಾದರೂ ಬರಬಹುದಂತೆ, ಕ್ಲೋಸ್ಡ್ ಮೀಟಿಂಗ್ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಕನ್ನಡ, ಹಿಂದಿ, ಉರ್ದು, ಯಾವುದು ಬಾಯಿಗೆ ಬಂತೋ ಅದರಲ್ಲಿ ಮಾತಾಡ್ರಿ ಅಂದರು. ಕೊನೆಗೆ, ‘ಸ್ಟೇಷನ್‌ಗೆ ಇಳಿದು ಫೋನ್ ಹಚ್ರಿ ಅಣ್ಣಾ, ನಾ ಗೇಟಿನ ಹತ್ರ ನಿಂತಿರ್ತೀನಿ’ ಅಂದರು.

ಅವತ್ತು ರೈಲಿನಲ್ಲಿ ವಾಡಿ ದಾಟುವವರೆಗೂ ಧೈರ್ಯ ಇತ್ತು. ಕಲಬುರಗಿಯಲ್ಲಿ ಇಳಿದು ನಡೆಯುವಾಗ ವೈನ್ ಶಾಪ್ ಎದುರಾಯಿತು, ಬಾಯಿ ಒಣಗಿತು. ಫೋನ್ ಹಚ್ಚಿದೆ. ಅವರು ಬುದ್ಧಿ ಹೇಳಲಿಲ್ಲ. ಸುಮ್ನೆ ಊಟ ಆಯ್ತಾ, ರೈಲಿನಲ್ಲಿ ಸೀಟು ಸಿಕ್ತಾ ಅಂತ ಕೇಳುತ್ತಾ, ಬಲಕ್ಕೆ ಹೊಳ್ರಿ, ಇನ್ನೂ ಮುಂದೆ ಬರ್ರಿ ಅನ್ನುತ್ತಾ ಗೇಟಿನವರೆಗೂ ಮಾತಾಡಿಸಿದರು. ಆ ಫೋನ್ ಇಲ್ಲದಿದ್ದರೆ ನಾನು ಒಳಗೆ ಹೋಗುತ್ತಿರಲಿಲ್ಲ.

ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಮೊಳೆಗೆ ತೂಗುಹಾಕಿದ ಬಟ್ಟೆಯ ಮೇಲೆ 12 ಹೆಜ್ಜೆಗಳು, ಅಂದರೆ ಕುಡಿತ ಬಿಟ್ಟು ಬದುಕುವುದಕ್ಕೆ ಎ.ಎ. ಹೇಳುವ ದಾರಿ. ನಮ್ಮ ಕಡೆ ಹೊಸಬರನ್ನು ಕಂಡರೆ ಮೊದಲ ಪ್ರಶ್ನೆಯೇ ಯಾವ ಊರು, ಯಾರ ಪೈಕಿ ಅಂತ, ಅಲ್ವಾ? ಅಲ್ಲಿ ಯಾರೂ ಕೇಳಲಿಲ್ಲ. ಒಬ್ಬೊಬ್ಬರೇ ಹೆಸರು ಹೇಳಿ, ‘ನಾನು ಮದ್ಯವ್ಯಸನಿ’ ಅಂತ ಶುರು ಮಾಡಿ ತಮ್ಮ ಕಥೆ ಹೇಳಿದರು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಸಲಹೆ ಕೊಡುವಂತಿಲ್ಲ. ಹೆಂಡತಿಯ ತಾಳಿ ಅಡವಿಟ್ಟದ್ದನ್ನು ಒಬ್ಬರು ಹೇಳಿದಾಗಲೂ ಯಾರೂ ಛೀ ಅನ್ನಲಿಲ್ಲ. ಮಾತಾಡಲು ಆಗದಿದ್ದರೆ ಸುಮ್ಮನೆ ಕೂತು ಕೇಳಬಹುದು, ನಾನು ಅವತ್ತು ಹಾಗೇ ಮಾಡಿದೆ. ಕೊನೆಗೆ ಒಂದು ಚೀಲ ಕೈಯಿಂದ ಕೈಗೆ ಬಂತು. ಚಹಾ, ಬಾಡಿಗೆಗೆ ಇಷ್ಟವಿದ್ದವರು ಹಾಕುತ್ತಾರೆ, ಇಲ್ಲದವರು ಮುಂದೆ ದಾಟಿಸುತ್ತಾರೆ.

ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ, ಆದರೆ ಯಾವ ದೇವರು ಅಂತ ಅವರು ಹೇಳುವುದಿಲ್ಲ. ನಮ್ಮಲ್ಲಿ ಶರಣಬಸವೇಶ್ವರನಿಗೆ ನಡೆದುಕೊಳ್ಳುವವರಿದ್ದಾರೆ, ಬಂದೇ ನವಾಜ್ ದರ್ಗಾಕ್ಕೆ ಹೋಗುವವರಿದ್ದಾರೆ, ಏನನ್ನೂ ನಂಬದವರೂ ಇದ್ದಾರೆ.

ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಸಭೆಗಳಿವೆ. ನಮ್ಮ ಹತ್ತಿರ ಸಿಗದೆ ನನ್ನ ಹೆಂಡತಿ ಫೋನಿನಲ್ಲೇ ಆನ್‌ಲೈನ್ ಸಭೆಗೆ ಕೂರುತ್ತಾಳೆ. ನೀವು ಹೋಗದಿದ್ದರೂ ಅವರು ಹೋಗಬಹುದು, ನಿಮ್ಮ ಒಪ್ಪಿಗೆ ಬೇಕಿಲ್ಲ.

ಸಭೆ ಇಲ್ಲದ ಸಂಜೆ ಆಸೆ ಎದ್ದರೆ ನಾನು ಗೇಟಿನ ಹತ್ತಿರ ನಿಂತಿದ್ದ ಅಣ್ಣನಿಗೇ ಫೋನ್ ಮಾಡುತ್ತೇನೆ. ಯಾರ ನಂಬರೂ ಇಲ್ಲದವರು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಮಾಡಿ, ದುಡ್ಡು ಕೊಡಬೇಕಿಲ್ಲ. ಸರಿರಾತ್ರಿಯಲ್ಲಿ ತಲೆ ಕೆಟ್ಟು ಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, 24 ಗಂಟೆಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.