ದಿನಕ್ಕೊಂದು ಮಾತ್ರೆ, ಸೀರೆಗೆ ಕುಚ್ಚು

ಸುದ್ದಿ ತಿಳಿದವರೆಲ್ಲ ಮೊದಲು ಕೇಳಿದ್ದು ಒಂದೇ ಮಾತು. "ನಿಮ್ಮ ಯಜಮಾನ್ರು ಸಿಗರೇಟ್ ಸೇದ್ತಾರಾ?" ಇಲ್ಲ. ನಮ್ಮನೆಯಲ್ಲಿ ಯಾರೂ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೂ ನನಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿದೆ. ಆ ಪ್ರಶ್ನೆ ಕೆಮ್ಮಿಗಿಂತ ಜಾಸ್ತಿ ನೋವು ಕೊಟ್ಟಿದೆ. ಸೇದಿದವರೇ ಆದರೂ, ಕಾಯಿಲೆ ಬಿದ್ದವರನ್ನು ಹಾಗೆ ವಿಚಾರಣೆ ಮಾಡಬಾರದು ಅಲ್ವಾ?

ನನ್ನ ತವರು ಪಾಂಡವಪುರದ ಕಡೆಯ ಹಳ್ಳಿ. ಸೌದೆ ಒಲೆ ಊದಿ ಅಡುಗೆ ಮಾಡಿದ್ದೇನೆ, ಆಲೆಮನೆಯ ಹೊಗೆಯಲ್ಲಿ ಬೆಳೆದಿದ್ದೇನೆ. ಬೇರೆಯವರು ಬಿಟ್ಟ ಹೊಗೆ, ನೆಲದಿಂದ ಬರುವ ರೇಡಾನ್ ಅನಿಲ, ಕೆಟ್ಟ ಗಾಳಿ ಇವೆಲ್ಲ ಕಾರಣ ಆಗಬಹುದು. ಹೊರಗಿನ ವಾಯುಮಾಲಿನ್ಯದಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2013ರಲ್ಲೇ ಹೇಳಿದೆ. ಆದರೆ ನನ್ನ ವಿಷಯದಲ್ಲಿ ಇದೇ ಕಾರಣ ಅಂತ ಯಾವ ಡಾಕ್ಟರೂ ಬೆರಳು ತೋರಿಸಲಾರರು. ಕಾರಣ ಹುಡುಕುವುದನ್ನು ನಾನು ಬಿಟ್ಟಿದ್ದೇನೆ.

ಕಾಯಿಲೆ ಗೊತ್ತಾಗಲು ತುಂಬಾ ತಡವಾಯಿತು. ಒಣ ಕೆಮ್ಮು, ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ. ಒಂದು ಕಡೆ ಟಿಬಿ ಅಂತ ಮಾತ್ರೆ ಶುರು ಮಾಡಿದರು. ಕಫದಲ್ಲಿ ಟಿಬಿ ರೋಗಾಣು ಸಿಕ್ಕಿರಲಿಲ್ಲ. ನಮ್ಮ ದೇಶದಲ್ಲಿ ಟಿಬಿ ಜಾಸ್ತಿ, ಹಾಗಾಗಿ ಅನುಮಾನ ಬಂದದ್ದು ಸರಿಯೇ. ಆದರೆ ಕೆಮ್ಮು ಇಳಿಯದಿದ್ದರೂ ಅದೇ ಮಾತ್ರೆ ಮುಂದುವರಿಸಿದ್ದು ಸರಿಯಲ್ಲ. ನಿಮಗೂ ಹೀಗೇ ಆಗಿದ್ದರೆ, ಸಿಟಿ ಸ್ಕ್ಯಾನ್ ಮಾಡಿಸೋಣವಾ ಅಂತ ಬಾಯಿಬಿಟ್ಟು ಕೇಳಿ. ನನ್ನದು ಸ್ಕ್ಯಾನ್ ಆಗಿ, ಬಯಾಪ್ಸಿ (ಗಡ್ಡೆಯಿಂದ ಸಣ್ಣ ತುಣುಕು ತೆಗೆದು ನೋಡುವ ಪರೀಕ್ಷೆ) ಆಗಿ, ಅಡಿನೋಕಾರ್ಸಿನೋಮ ಅನ್ನುವ ಬಗೆಯ ಕ್ಯಾನ್ಸರ್ ಅಂತ ಬಂತು. ಸೇದದವರಲ್ಲಿ ಹೆಚ್ಚಾಗಿ ಕಾಣುವುದು ಈ ಬಗೆಯೇ. ಅಷ್ಟರಲ್ಲಿ ಶ್ವಾಸಕೋಶದ ಸುತ್ತ ನೀರು ತುಂಬಿ, ನಾಲ್ಕನೇ ಹಂತಕ್ಕೆ ಹೋಗಿತ್ತು.

ಈಗ ಹೇಳುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಬಯಾಪ್ಸಿ ತುಣುಕಿನಲ್ಲಿ ಜೀನ್ ಪರೀಕ್ಷೆ ಮಾಡುತ್ತಾರೆ. ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1 ಮುಂತಾದ ಜೀನ್‌ಗಳಲ್ಲಿ ಬದಲಾವಣೆ ಇದ್ದರೆ ಅದಕ್ಕೆ ತಕ್ಕ ಮಾತ್ರೆ ಇದೆ. ಇಜಿಎಫ್‌ಆರ್ ಬದಲಾವಣೆ ಸೇದದವರಲ್ಲಿ, ಅದರಲ್ಲೂ ಏಷ್ಯಾದ ಹೆಂಗಸರಲ್ಲಿ ಜಾಸ್ತಿ. ವರದಿ ಬರುವವರೆಗೆ ನೆಂಟರೆಲ್ಲ "ಇನ್ನೂ ಯಾಕೆ ಕೀಮೋ ಕೊಟ್ಟಿಲ್ಲ?" ಅಂತ ಒತ್ತಾಯ ಮಾಡಿದರು. ನಮ್ಮ ಡಾಕ್ಟರು, "ನಿಮ್ಮ ಸ್ಥಿತಿಯಲ್ಲಿ ಕಾಯಬಹುದಮ್ಮ, ಕಾಯೋಣ" ಅಂದರು. ಇಜಿಎಫ್‌ಆರ್ ಬದಲಾವಣೆ ಇದೆ ಅಂತ ವರದಿ ಬಂತು. ಮಗಳು ಅದನ್ನು ಓದಿ ಹೆದರಿದಳು, ತನಗೂ ಬರುತ್ತದೇನೋ ಅಂತ. ಈ ಬದಲಾವಣೆ ಸಾಮಾನ್ಯವಾಗಿ ಗಡ್ಡೆಯೊಳಗೆ ಮಾತ್ರ ಆಗಿರುತ್ತದೆ, ಹುಟ್ಟಿನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವಂಥದ್ದಲ್ಲ. ಡಾಕ್ಟರ ಬಾಯಿಂದ ಇದನ್ನು ಕೇಳಿದ ದಿನ ಅವಳು ಸರಿಯಾಗಿ ಊಟ ಮಾಡಿದಳು.

ಆ ಬದಲಾವಣೆಗೆ ತಕ್ಕ ಮಾತ್ರೆಯಾಗಿ ನಾನು ತೆಗೆದುಕೊಳ್ಳುವುದು ಒಸಿಮೆರ್ಟಿನಿಬ್, 80 ಮಿಲಿಗ್ರಾಂ, ದಿನಕ್ಕೆ ಒಂದು. ಬೆಲೆ ಕೇಳಿ ನಮ್ಮನೆಯವರು ಸುಮ್ಮನೆ ಕುಳಿತುಬಿಟ್ಟಿದ್ದರು. 2024ರ ಬಜೆಟ್‌ನಲ್ಲಿ ಇದರ ಆಮದು ಸುಂಕ ತೆಗೆದರು, ಅದೇ ವರ್ಷ ಜಿಎಸ್‌ಟಿಯನ್ನು ಶೇ. 12ರಿಂದ 5ಕ್ಕೆ ಇಳಿಸಿದರು. ಆದರೂ ಮಧ್ಯಮ ವರ್ಗದವರಿಗೆ ಭಾರವೇ. ಇದೇ ಬಗೆಯ, ಇದಕ್ಕಿಂತ ಹಳೆಯ ಮಾತ್ರೆ ಜೆಫಿಟಿನಿಬ್ ತುಂಬಾ ಅಗ್ಗ. ಯಾವುದು ಹೊಂದುತ್ತದೆ, ಆಯುಷ್ಮಾನ್ ಕಾರ್ಡಿನಲ್ಲಿ ಏನೇನು ಸಿಗುತ್ತದೆ ಅಂತ ಕೇಳಲು ಸಂಕೋಚ ಬೇಡ. ದೊಡ್ಡ ಆಸ್ಪತ್ರೆಗಳಲ್ಲಿ ಈ ಕಾರ್ಡಿನ ವಿಷಯಕ್ಕೆ ಸಹಾಯ ಮಾಡುವ ಆರೋಗ್ಯಮಿತ್ರರು ಇರುತ್ತಾರೆ.

ಮಾತ್ರೆ ಶುರುವಾದ ಮೇಲೆ ಕೆಮ್ಮು ಇಳಿಯಿತು, ಮೆಟ್ಟಿಲು ಹತ್ತುವ ಉಸಿರು ಬಂತು. ಮಾತ್ರೆಯ ಅಡ್ಡ ಪರಿಣಾಮದಿಂದ ಕಷ್ಟ ಬಂದದ್ದು ಕೈಗೆ. ನಾನು ಸೀರೆಗೆ ಫಾಲ್ ಹಾಕಿ, ಕುಚ್ಚು ಕಟ್ಟುವವಳು. ಉಗುರಿನ ಅಂಚು ಊದಿ ಕೀವಾಯಿತು, ಬೆರಳ ತುದಿ ಬಿರಿಯಿತು. ರೇಷ್ಮೆ ದಾರ ಆ ಬಿರುಕಿಗೆ ಸಿಕ್ಕಿಕೊಂಡರೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದಷ್ಟು ಕಾಲ ಗಂಟು ಹಾಕಲೇ ಆಗಲಿಲ್ಲ. ಚರ್ಮದ ಡಾಕ್ಟರು ಮುಲಾಮು ಕೊಟ್ಟರು. ಈಗ ಪಾತ್ರೆ ತೊಳೆಯುವಾಗ ಕೈಗವಸು ಹಾಕುತ್ತೇನೆ, ಒಳಗೆ ಹತ್ತಿಯದು, ಮೇಲೆ ರಬ್ಬರಿನದು. ಉಗುರನ್ನು ತೀರಾ ಒಳಗೆ ಕತ್ತರಿಸುವುದಿಲ್ಲ. ರಾತ್ರಿ ಕೈಕಾಲಿಗೆ ದಪ್ಪಗೆ ವ್ಯಾಸಲಿನ್ ಹಚ್ಚಿ ಹಳೆಯ ಸಾಕ್ಸ್ ಹಾಕಿ ಮಲಗುತ್ತೇನೆ. ಕೆಲಸಕ್ಕೆ ಕೂರುವ ಮುಂಚೆ ಬಿರಿದ ಬೆರಳಿಗೆ ತೆಳ್ಳಗೆ ಟೇಪ್ ಸುತ್ತುತ್ತೇನೆ, ಆಗ ದಾರ ಸಿಕ್ಕಿಕೊಳ್ಳುವುದಿಲ್ಲ. ಬೇಬಿ ಕುಚ್ಚು ಈಗಲೂ ಕಟ್ಟುತ್ತೇನೆ. ಮಣಿ ಹಾಕುವ ಸಣ್ಣ ಕೆಲಸವನ್ನು ಪಕ್ಕದ ಬೀದಿಯ ಹುಡುಗಿಗೆ ಕೊಡುತ್ತೇನೆ.

ಮುಖದಲ್ಲಿ ಮೊಡವೆಯಂಥ ಗುಳ್ಳೆ ಬಂದಾಗ ಮೊಡವೆ ಕ್ರೀಮ್ ಹಚ್ಚಬೇಡಿ, ಚರ್ಮ ಇನ್ನೂ ಒಣಗುತ್ತದೆ. ಭೇದಿಗೆ ಗಂಜಿ, ಮಜ್ಜಿಗೆ, ಓಆರ್‌ಎಸ್. ನಿಲ್ಲದಿದ್ದರೆ ಡಾಕ್ಟರಿಗೆ ಫೋನು. ಉಸಿರಾಟ ಹೊಸದಾಗಿ ಕಷ್ಟವಾದರೆ ಮಾತ್ರ ಒಂದು ದಿನವೂ ಕಾಯಬೇಡಿ. ಅಪರೂಪಕ್ಕೆ ಈ ಮಾತ್ರೆಯಿಂದಲೇ ಶ್ವಾಸಕೋಶ ಊದಿಕೊಳ್ಳುವುದುಂಟು.

ಕ್ಯಾನ್ಸರ್‌ಗೆ ಒಳ್ಳೆಯದು ಅಂತ ನಂಬಿ ಲಕ್ಷ್ಮಣಫಲ ತಂದುಕೊಟ್ಟವರು ಬಹಳ ಜನ. ಅವರ ಪ್ರೀತಿ ದೊಡ್ಡದು. ಆದರೆ ಡಾಕ್ಟರಿಗೆ ತಿಳಿಸದೆ ಯಾವ ಹಣ್ಣಿನ ಕಷಾಯವನ್ನೂ, ಸೊಪ್ಪಿನ ಪುಡಿಯನ್ನೂ ನಾನು ಮಾತ್ರೆಯ ಜೊತೆ ತೆಗೆದುಕೊಳ್ಳುವುದಿಲ್ಲ.

ಈ ಮಾತ್ರೆ ಎಂದೆಂದಿಗೂ ಕೆಲಸ ಮಾಡುವುದಿಲ್ಲ ಅಂತ ನನಗೆ ಗೊತ್ತು. ಗಡ್ಡೆ ಒಂದು ದಿನ ದಾರಿ ಬದಲಿಸುತ್ತದೆ. ಆಗ ಮತ್ತೆ ಬಯಾಪ್ಸಿಯನ್ನೋ ರಕ್ತದ ಜೀನ್ ಪರೀಕ್ಷೆಯನ್ನೋ ಮಾಡಿ, ಮುಂದಿನ ಔಷಧಿ ನೋಡುತ್ತಾರೆ. ಸ್ಕ್ಯಾನ್ ಹತ್ತಿರ ಬಂದಾಗ ನಿದ್ದೆ ಬರುವುದಿಲ್ಲ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಮ್ಮನೆಯವರ ಜೊತೆ ನಡೆದು ಬಂದರೆ ಸ್ವಲ್ಪ ಹಗುರ. ವರದಿಯನ್ನು ನಾನೇ ಬಿಡಿಸಿ ಓದುವುದಿಲ್ಲ, ಡಾಕ್ಟರ ಮುಂದೆಯೇ ತೆರೆಯುವುದು. ಹಳೆಯ ಸ್ಕ್ಯಾನ್‌ಗಳ ಸಿಡಿಗಳನ್ನೆಲ್ಲ ತಾರೀಖು ಬರೆದು ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ, ಪ್ರತಿ ಸಲ ಒಯ್ಯುತ್ತೇನೆ. ನೀವೂ ಒಯ್ಯಿರಿ. ಹೊಸದನ್ನು ಹಳೆಯದರ ಪಕ್ಕ ಇಟ್ಟು ನೋಡಿದರೆ ತಾನೇ, ಗಡ್ಡೆ ಬೆಳೆದಿದೆಯೋ ಇಲ್ಲವೋ ಡಾಕ್ಟರಿಗೆ ಸರಿಯಾಗಿ ತಿಳಿಯುವುದು.