ಕೆರೆ ನೋಡೋಕೆ ಹೊರಟ್ರಾ? ಮೊದಲು ತಿಂಗಳು ನೋಡ್ಕೊಳ್ಳಿ

ಮೊದಲ ಸಲ ಮನೆಮಂದಿನೆಲ್ಲ ಕರ್ಕೊಂಡು ಸೊರಬದ ಹತ್ರದ ಗುಡವಿ ಪಕ್ಷಿಧಾಮಕ್ಕೆ ಹೋದಾಗ ನಾವು ತಲುಪಿದ್ದು ಬೆಳಗ್ಗೆ 11.30ಕ್ಕೆ, ಅದೂ ಏಪ್ರಿಲ್‌ನಲ್ಲಿ. ಶಾಲೆಗೆ ರಜೆ ಸಿಗೋದು ಆಗ್ಲೇ ಅಲ್ವಾ. ಕೆರೇಲಿ ನೀರು ಇಳಿದಿತ್ತು, ಮರಗಳೆಲ್ಲ ಬಣಬಣ, ಆಚೆ ದಡದಲ್ಲಿ ನಾಲ್ಕೈದು ಬೆಳ್ಳಕ್ಕಿ ಬಿಟ್ರೆ ಇನ್ನೇನಿಲ್ಲ, ಮಗಳು "ಅಪ್ಪಾ, ಇದಕ್ಕಿಂತ ಜಾಸ್ತಿ ಹಕ್ಕಿ ನಮ್ಮನೆ ಹಿಂದಿನ ಗದ್ದೇಲೇ ಇರ್ತವೆ" ಅಂದ್ಲು. ಸುಳ್ಳೇನಲ್ಲ. ಹೋಗ್ತಾ ಬರ್ತಾ ಇನ್ನೂರು ಕಿಲೋಮೀಟರ್ ಪೆಟ್ರೋಲ್ ಸುಟ್ಟು ಬಂದ್ವಿ ಅಷ್ಟೇ. ಆಮೇಲೆ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ.

ತಿಂಗಳಿಗೆ ತಕ್ಕ ಜಾಗ

ಮಲೆನಾಡಿನ ಕೆರೆ ಅಂದ್ರೆ ಮಳೆ ಲೆಕ್ಕ. ಜೂನ್‌ನಲ್ಲಿ ಮಳೆ ಹಿಡಿದು ಜುಲೈ-ಆಗಸ್ಟ್ ಹೊತ್ತಿಗೆ ಕೋಡಿ ಬಿದ್ರೆ ಅಲ್ಲಿಂದ ಡಿಸೆಂಬರ್‌ವರೆಗೂ ಗುಡವಿ ಚೆನ್ನಾಗಿರುತ್ತೆ. ಸೊರಬದಿಂದ ಬನವಾಸಿ ರಸ್ತೇಲಿ ಸುಮಾರು 16 ಕಿ.ಮೀ. ದೊಡ್ಡ ಜಾಗ ಏನಲ್ಲ, 0.74 ಚದರ ಕಿಲೋಮೀಟರ್ ಅಷ್ಟೇ, ಆದ್ರೆ ನೀರೊಳಗೇ ಮರಗಳು ನಿಂತಿವೆ, ಬುಡದಲ್ಲಿ ನೀರಿದ್ರೆ ಬೆಕ್ಕು ಗಿಕ್ಕು ಮೊಟ್ಟೆಗೆ ಹತ್ತೋಕಾಗಲ್ಲ, ಅದಕ್ಕೇ ಹಕ್ಕಿಗಳಿಗೆ ಅಲ್ಲಿ ಗೂಡು ಕಟ್ಟೋಕೆ ಧೈರ್ಯ. ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ ಎಲ್ಲ ಒಂದೇ ಮರದಲ್ಲಿ ಜಗಳ ಆಡ್ಕೊಂಡು ಸಂಸಾರ ಮಾಡ್ತಿರ್ತವೆ. 217 ಜಾತಿ ಹಕ್ಕಿ ದಾಖಲಾಗಿವೆ ಅಂತಾರೆ, ನೀವು ಹತ್ತು ಗುರುತು ಹಿಡಿದ್ರೆ ಬೇಕಾದಷ್ಟಾಯ್ತು.

ಅಷ್ಟು ದೂರ ಬೇಡ ಅನ್ನೋರಿಗೆ ಮಂಡಗದ್ದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೇಲಿ 30 ಕಿ.ಮೀ, ಅದು ಕೆರೆಯಲ್ಲ, ತುಂಗಾ ಹೊಳೆ ನಡುವಿನ ಪುಟ್ಟ ನಡುಗಡ್ಡೆ. ಮಳೆಗಾಲದಲ್ಲಿ ಮರ ಬೆಳ್ಳಗೆ ಹೂ ಬಿಟ್ಟಂಗೆ ಕಾಣುತ್ತೆ, ಹತ್ರ ಹೋಗಿ ನೋಡಿದ್ರೆ ಎಲ್ಲ ಬೆಳ್ಳಕ್ಕಿ. ರಸ್ತೆ ಬದೀಲೇ ನಿಂತು ನೋಡಬಹುದು, ಹಾಗಾಗಿ ಮಂಡಿ ನೋವಿರೋ ಅಜ್ಜ ಅಜ್ಜಿ ಇದ್ರೆ ಇದೇ ಸರಿ.

ಬೇಸಿಗೇಲಿ ಹೋಗ್ಲೇಬೇಕು ಅಂದ್ರೆ ಲಕ್ಕವಳ್ಳಿ ಕಡೆ ಭದ್ರಾ ಹಿನ್ನೀರಿಗೆ ಹೋಗಿ. ಅಲ್ಲಿ ಲೆಕ್ಕ ಉಲ್ಟಾ, ನೀರು ಇಳಿದಾಗ್ಲೇ ನಡುಗಡ್ಡೆ ಮೇಲೆ ಬರೋದು, ಆ ಬರೀ ನೆಲದ ಮೇಲೇ ರೀವ ಹಕ್ಕಿಗಳು ಮೊಟ್ಟೆ ಇಡೋದು. ಬೋಟಿನವರಿಗೆ ಇನ್ನೂ ಹತ್ರ ಹೋಗಿ ಅಂತ ದುಂಬಾಲು ಬೀಳಬೇಡಿ, ತಾಯಿ ಎದ್ದು ಹೋದ್ರೆ ಮೊಟ್ಟೆ ಬಿಸಿಲಿಗೆ ಹಾಳಾಗುತ್ತೆ.

ಬರೀ ವಾಕಿಂಗ್ ಆಗ್ಬೇಕು ಅಂದ್ರೆ ಇಷ್ಟೆಲ್ಲ ಬೇಡ. ಸಾಗರದೋರಿಗೆ ಗಣಪತಿ ಕೆರೆ, ಶಿವಮೊಗ್ಗದೋರಿಗೆ ನವುಲೆ ಕೆರೆ, ಹಳ್ಳಿಯೋರಿಗೆ ಊರಿಗೊಂದು ಇದ್ದೇ ಇದೆ.

ಟೈಮು

6.30ರಿಂದ 9 ಗಂಟೆ, ಇಲ್ಲಾಂದ್ರೆ ಸಂಜೆ 4.30ರ ಮೇಲೆ. ಮಧ್ಯಾಹ್ನ ಹಕ್ಕಿಗೂ ನಿದ್ದೆ, ನಮಗೂ ನಿದ್ದೆ. ಪಕ್ಷಿಧಾಮ ಆದ್ರೆ ಗೇಟು ಯಾವಾಗ ತೆಗೀತಾರೆ ಅಂತ ಹಿಂದಿನ ದಿನಾನೇ ವಿಚಾರಿಸ್ಕೊಳ್ಳಿ. ಬೆಳಗ್ಗೆ ಆದ್ರೆ ಪೂರ್ವದ ದಡದಲ್ಲಿ ನಿಂತ್ಕೊಳ್ಳಿ, ಸೂರ್ಯ ಬೆನ್ನಿಗಿರ್ತಾನೆ, ಹಕ್ಕಿ ಬಣ್ಣ ಕಾಣುತ್ತೆ. ಎದುರು ಬಿಸಿಲಿಗೆ ನಿಂತ್ರೆ ಎಲ್ಲಾ ಹಕ್ಕಿನೂ ಕಾಗೆನೇ.

ಏರಿ ಮೇಲೆ ನಡೆಯೋದು

ಹಳ್ಳಿ ಕೆರೆಗೆ ಹೋದ್ರೆ ಏರಿ ಒಂದು ತುದಿಯಿಂದ ಶುರು ಮಾಡಿ ಕೋಡಿವರೆಗೆ ನಿಧಾನಕ್ಕೆ ನಡೀರಿ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಗದ್ದೆ, ತೋಟ, ತೂಬಿನಿಂದ ನೀರು ಎಲ್ಲಿಗೆ ಹೋಗುತ್ತೆ ಅಂತ ಮಕ್ಕಳಿಗೆ ತೋರಿಸೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಕೋಡಿ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಅದರ ಕೆಳಗಿನದಕ್ಕೆ, ಸೊರಬ ಸಾಗರದ ಕಡೆ ಹೀಗೆ ಸಾಲು ಸಾಲು ಕೆರೆ ಇವೆ, ಮೇಲಿನ ಕಾನು (ದಟ್ಟ ಕಾಡು) ಕಡಿದ್ರೆ ಕೆಳಗಿನೋರ ಕೆರೆ ಯಾಕೆ ಬತ್ತುತ್ತೆ ಅಂತ ಒಂದು ಭಾನುವಾರದಲ್ಲಿ ಅರ್ಥ ಆಗುತ್ತೆ.

ಇಪ್ಪತ್ತು ಹೆಜ್ಜೆ ನಡೆದು ಐದು ನಿಮಿಷ ಸುಮ್ಮನೆ ನಿಂತ್ಕೊಳ್ಳಿ. ಇದೇ ಕಷ್ಟದ ಕೆಲಸ. ಆದ್ರೆ ನಿಂತ್ರೇನೇ ಕಾಣೋದು: ಕೆಸರಿನ ಬಣ್ಣಕ್ಕೇ ಕೂತಿರೋ ಕೊಳದ ಬಕ ಪಟ್ಟನೆ ಹಾರಿದಾಗ ರೆಕ್ಕೆ ಬೆಳ್ಳಗೆ ಬಿಚ್ಚಿಕೊಳ್ಳುತ್ತೆ. ಉದ್ದ ಬೆರಳಿನ ದೇವನಕ್ಕಿ ತಾವರೆ ಎಲೆ ಮೇಲೆ ಮುಳುಗದೇ ಓಡಾಡುತ್ತೆ, ಅದರಲ್ಲಿ ಕಾವು ಕೊಟ್ಟು ಮರಿ ಸಾಕೋದು ಗಂಡು (ಇದನ್ನ ಹೇಳಿದಾಗ ನಮ್ಮನೆಯೋಳು ನನ್ನ ಮುಖ ನೋಡಿದ ರೀತಿ ಬೇರೆ). ಹೋದ ವರ್ಷ ಆಗಸ್ಟ್‌ನಲ್ಲಿ ಮತ್ತೆ ಗುಡವಿಗೆ ಹೋದಾಗ ಮಗಳು "ಹಾವು ಹಾವು" ಅಂತ ಕೂಗಿದ್ಲು, ನೋಡಿದ್ರೆ ಹಾವಕ್ಕಿ, ಮೈಯೆಲ್ಲ ನೀರೊಳಗೆ, ಕತ್ತು ಮಾತ್ರ ಮೇಲೆ. ಅದರ ಗರಿ ನೀರು ಹೀರ್ಕೊಳ್ಳುತ್ತೆ, ಹಂಗಾಗಿ ಮುಳುಗೋದು ಸುಲಭ, ಆಮೇಲೆ ಕೊಂಬೆ ಮೇಲೆ ರೆಕ್ಕೆ ಹರವಿಕೊಂಡು ಒಣಗಿಸ್ಕೋಬೇಕು. ನೀರುಕಾಗೆನೂ ಹಂಗೇ.

ಬೈನಾಕ್ಯುಲರ್ ಒಂದಿದ್ರೆ ಸಾಕು, ಮನೆಗೆಲ್ಲ. ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದು ಬೇಡ, ಪಾಪ ಅದು ಇನ್ನೊಂದು ಹಕ್ಕಿ ಜಾಗಕ್ಕೆ ಬಂತು ಅಂತ ಗೂಡು ಬಿಟ್ಟು ಬರುತ್ತೆ.

ನೀರಿಗೆ ಇಳಿಯೋ ವಿಷಯ

ಇಳಿಯಬೇಡಿ. ಈಜು ಬರುತ್ತೆ ಅಂದ್ರೂ ಬೇಡ. ಬೇಸಿಗೇಲಿ ಜೆಸಿಬಿ ತಂದು ಹೂಳು ತೆಗೆದಿರ್ತಾರೆ, ಒಂದು ಕಡೆ ಮೊಣಕಾಲುದ್ದ, ಎರಡು ಹೆಜ್ಜೆ ಆಚೆ ಎರಡಾಳುದ್ದ, ಮಳೆ ಬಂದು ತುಂಬಿದ ಮೇಲೆ ಎಲ್ಲ ಒಂದೇ ಸಮ ಕಾಣುತ್ತೆ. ತೂಬಿನ ಹತ್ರ ನೀರಿನ ಸೆಳೆತ, ಕೋಡಿ ಕಲ್ಲಿನ ಮೇಲೆ ಪಾಚಿ. ಸೆಲ್ಫಿಗೆ ಅಂತ ಕೋಡಿ ಮೇಲೆ ನಿಲ್ಲೋರನ್ನ ನೋಡಿದ್ರೇನೇ ನನಗೆ ಕಾಲು ನಡುಗುತ್ತೆ. ಕೆರೆಗೆ ಎಲ್ಲರೂ ಒಟ್ಟಿಗೆ ಇಳಿಯೋದು ಅಂದ್ರೆ ಬೇಸಿಗೆ ಕೊನೇಲಿ ಮೀನು ಹಿಡಿಯೋಕೆ ನಡೆಯೋ ಕೆರೆಬೇಟೆಲಿ, ಆವಾಗ ನೀರು ಕಮ್ಮಿ, ಊರೂರಿನ ಜನ ಕೂಣಿ (ಮೀನು ಹಿಡಿಯೋ ಬಿದಿರಿನ ಬುಟ್ಟಿ) ಹಿಡ್ಕೊಂಡು ಒಟ್ಟಿಗೇ ನುಗ್ತಾರೆ, ಅದನ್ನ ದಡದಲ್ಲಿ ನಿಂತು ನೋಡೋದೇ ಹಬ್ಬ.

ಬುತ್ತಿ

ಚಿತ್ರಾನ್ನ, ಮೊಸರನ್ನ, ಒಂದಿಷ್ಟು ಮಂಡಕ್ಕಿ. ಸ್ಟೀಲ್ ಡಬ್ಬಿ ಸಾಕು, ಪ್ಲಾಸ್ಟಿಕ್ ಬೇಡ. ಮಂಗ ಇರೋ ಕಡೆ ಡಬ್ಬಿ ಕಾರಲ್ಲೇ ಇರ್ಲಿ.

ಉಂಬಳ ಮತ್ತೆ ಉಣುಗು

ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತೇ ಹತ್ತುತ್ತೆ, ಗಾಬರಿ ಬೇಡ, ಉಪ್ಪು ಇಲ್ಲ ಸುಣ್ಣ ತಾಗಿಸಿದ್ರೆ ಬಿಡುತ್ತೆ, ಸ್ವಲ್ಪ ಹೊತ್ತು ರಕ್ತ ಬರುತ್ತೆ ಅಷ್ಟೇ.

ಹುಷಾರಾಗಿರಬೇಕಾದ್ದು ಡಿಸೆಂಬರ್‌ನಿಂದ ಮೇವರೆಗೆ, ಉಣುಗಿನ (ಉಣ್ಣೆ ಹುಳದ) ವಿಷಯದಲ್ಲಿ. ಅದು ಕಚ್ಚಿದ್ರೇನೇ ಮಂಗನ ಕಾಯಿಲೆ ಹರಡೋದು. ಮಂಗನ ಕಾಯಿಲೆ ಮೊದಲು ಪತ್ತೆ ಆಗಿದ್ದೇ 1957ರಲ್ಲಿ, ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, ಇಂಗ್ಲಿಷಲ್ಲಿ ಕಾಯಿಲೆಗೂ ಅದೇ ಹೆಸರು, ಅದಕ್ಕೇ ಪ್ರಪಂಚದ ಡಾಕ್ಟರುಗಳಿಗೆಲ್ಲ ಆ ಊರಿನ ಹೆಸರು ಗೊತ್ತು. ಹಾಗಾಗಿ ಒಣ ದರಗಿನ (ಉದುರಿದ ಎಲೆ) ಮೇಲೆ ಚಾಪೆ ಹಾಸಿ ಕೂರಬೇಡಿ, ಪ್ಯಾಂಟನ್ನ ಸಾಕ್ಸ್ ಒಳಗೆ ಸೇರಿಸಿ, ಕೈಕಾಲಿಗೆ ಉಣುಗು ಹತ್ತದಂಗೆ ತಡೆಯೋ ಡೆಪಾ ಎಣ್ಣೆ ಹಚ್ಕೊಳ್ಳಿ, ಮಂಗ ಸತ್ತು ಬಿದ್ದಿರೋದು ಕಂಡ್ರೆ ಹತ್ರ ಹೋಗದೆ ಅರಣ್ಯ ಇಲಾಖೆಗೋ ಆಸ್ಪತ್ರೆಗೋ ತಿಳಿಸಿ. ಮನೆಗೆ ಬಂದ ತಕ್ಷಣ ಬಿಸಿನೀರು ಸೋಪಲ್ಲಿ ಸ್ನಾನ, ಬಟ್ಟೆನೂ ಬಿಸಿನೀರಿಗೆ. ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು ಬಂದ್ರೆ ಡಾಕ್ಟರ್ ಹತ್ರ ಕಾಡಿನ ಕಡೆ ಹೋಗಿದ್ದೆ ಅಂತ ಅವರು ಕೇಳೋಕೆ ಮುಂಚೆನೇ ಹೇಳಿ. ನಮ್ಮತ್ತೆ ಮನೆ ಸೊರಬದ ಕಡೆ, ಅವರು ದರಗು ತರೋಕೆ ಹೊರಡುವಾಗ ಕತ್ತಿ, ಕಲ್ಲಿ (ದರಗು ತುಂಬೋ ಬಲೆ ಚೀಲ), ಜೊತೆಗೆ ಆ ಎಣ್ಣೆ ಬಾಟ್ಲಿ, ಮೂರೂ ಬಾಗಿಲ ಹಿಂದೆ ಒಂದೇ ಗೂಟದಲ್ಲಿ ನೇತಾಡ್ತಿರ್ತವೆ.