ಫೈಲ್‌ಸಿಸ್ಟಮ್ ಕೆಟ್ಟ ಡಿಸ್ಕ್‌ನಿಂದ ಡೇಟಾ ತೆಗೆಯುವುದು: ಮೊದಲು ನಕಲು, ಆಮೇಲೆ ರಿಪೇರಿ

ಡಿಸ್ಕ್ ಸಿಕ್ಕಿಸಿದ ಕೂಡಲೇ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಿ’ ಎಂದು ವಿಂಡೋಸ್ ಕೇಳಿದರೆ ಒಪ್ಪಬೇಡಿ. ಡಿಸ್ಕ್ ‘ರಾ’ (ಫೈಲ್‌ಸಿಸ್ಟಮ್ ಗುರುತು ಸಿಗಲಿಲ್ಲ) ಎಂದು ತೋರಿಸಿದ ಮಾತ್ರಕ್ಕೆ ಒಳಗಿದ್ದದ್ದೆಲ್ಲ ಹೋಯಿತು ಅಂತಲ್ಲ. ಎಷ್ಟೋ ಸಲ ಕೆಟ್ಟಿರುವುದು ಫೈಲ್‌ಸಿಸ್ಟಮ್, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕ ಮಾತ್ರ. ಫೈಲ್‌ಗಳು ಇದ್ದಲ್ಲೇ ಇರುತ್ತವೆ. ಅವನ್ನು ನಿಜಕ್ಕೂ ಹಾಳುಮಾಡುವುದು ಗಾಬರಿಯಲ್ಲಿ ಓಡಿಸುವ ರಿಪೇರಿ. ವಿಂಡೋಸ್‌ನ ಚೆಕ್‌ಡಿಸ್ಕ್ ಆಗಲಿ, ಲಿನಕ್ಸ್‌ನ ಎಫ್‌ಎಸ್‌ಸಿಕೆ ಆಗಲಿ, ಇರುವುದು ಲೆಕ್ಕ ಸರಿಹೊಂದಿಸಲು. ನಿಮ್ಮ ಡೇಟಾ ಉಳಿಸಲು ಅಲ್ಲ. ತಾಳೆಯಾಗದ ನಮೂದನ್ನು ಅವು ಕಿತ್ತುಹಾಕುತ್ತವೆ, ಅದು ಹತ್ತು ವರ್ಷದ ಫೋಟೋ ಫೋಲ್ಡರ್ ಆಗಿದ್ದರೂ ಸರಿ. ಹಾಗಾಗಿ ಮೂಲ ಡಿಸ್ಕ್ ಮೇಲೆ ಒಂದು ಬೈಟ್ ಕೂಡ ಬರೆಯದೆ ಕೆಲಸ ಮುಗಿಸಬೇಕು.

(ಕೆಳಗಿನ ಕಮಾಂಡ್‌ಗಳನ್ನು ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.)

ಯಂತ್ರವೇ ಕೆಟ್ಟಿದೆಯೇ?

ಡಿಸ್ಕ್ ‘ಟಕ್ ಟಕ್’ ಎಂದು ಸದ್ದು ಮಾಡುತ್ತಿದ್ದರೆ ತಕ್ಷಣ ಕರೆಂಟ್ ತೆಗೆಯಿರಿ. ಹೆಡ್ (ಡೇಟಾ ಓದುವ ತುದಿ) ಕೆಟ್ಟಿರುವ ಸಾಧ್ಯತೆ ಹೆಚ್ಚು. ಇನ್ನೂ ತಿರುಗಿಸಿದರೆ ಪ್ಲ್ಯಾಟರ್ (ಡೇಟಾ ಇರುವ ತಟ್ಟೆ) ಕೆರೆದುಹೋಗುತ್ತದೆ, ಆಮೇಲೆ ಲ್ಯಾಬ್‌ನವರೂ ಏನೂ ಮಾಡಲಾಗದು. ಸದ್ದಿಲ್ಲದಿದ್ದರೆ ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡುವ ಲಿನಕ್ಸ್) ಬೂಟ್ ಮಾಡಿ, ಆಟೋಮೌಂಟ್ (ಡಿಸ್ಕ್ ತಾನಾಗೇ ತೆರೆದುಕೊಳ್ಳುವುದು) ಆಫ್ ಮಾಡಿ, ಡಿಸ್ಕ್‌ನ ಆರೋಗ್ಯ ತೋರಿಸುವ ‘ಸ್ಮಾರ್ಟ್‌ಸಿಟಿಎಲ್ -ಎ’ ಓಡಿಸಿ. 5, 197, 198 ಎಂಬ ಸಂಖ್ಯೆಯಿಂದ ಶುರುವಾಗುವ ಸಾಲುಗಳ ಕೊನೆಯ ಅಂಕಿ ಸೊನ್ನೆಗಿಂತ ಹೆಚ್ಚಿದ್ದರೆ ಸೆಕ್ಟರ್‌ಗಳು (ಡಿಸ್ಕ್‌ನ ಪುಟ್ಟ ಭಾಗಗಳು) ಕೆಡುತ್ತಿವೆ ಅಂತ ಅರ್ಥ. 199 ಮಾತ್ರ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ. ಫೈಲ್‌ಸಿಸ್ಟಮ್ ಕೆಡಲು ಎಷ್ಟೋ ಸಲ ಅದೊಂದೇ ಕಾರಣ.

ಎಕ್ಸ್‌ಟರ್ನಲ್ ಡಿಸ್ಕ್ ಅನ್ನು ಡಬ್ಬಿಯಿಂದ ಬಿಚ್ಚಿ ನೇರವಾಗಿ ಕಂಪ್ಯೂಟರ್ ಒಳಗಿನ ಸಾಟಾ ಕೇಬಲ್‌ಗೆ ಜೋಡಿಸಿದಾಗ ‘ರಾ’ ಎಂದು ಕಂಡರೆ ಹೆದರಬೇಡಿ. ಡಬ್ಬಿಯೊಳಗಿನ ಕೆಲವು ಯುಎಸ್‌ಬಿ ಬೋರ್ಡ್‌ಗಳು 512 ಬೈಟ್ ಸೆಕ್ಟರನ್ನು 4096 ಎಂದು ತೋರಿಸುತ್ತವೆ, ಕೆಲವು ತಾವೇ ಎನ್‌ಕ್ರಿಪ್ಟ್ ಮಾಡುತ್ತವೆ. ಅದೇ ಬೋರ್ಡ್‌ಗೆ ಮತ್ತೆ ಹಾಕಿ ನೋಡಿ.

ಇಮೇಜ್ ತೆಗೆಯುವುದು

ಇದೇ ಅಸಲು ಕೆಲಸ: ಇಡೀ ಡಿಸ್ಕ್‌ನ ಯಥಾವತ್ ನಕಲನ್ನು (ಇಮೇಜ್) ಒಂದು ಫೈಲ್ ಆಗಿ ಇಡುವುದು. ನಕಲು ಮಾಡುವ ಸಾಧನ ಡಿಡಿರೆಸ್ಕ್ಯೂ. ಕೆಟ್ಟ ಡಿಸ್ಕ್‌ನ ಪೂರ್ತಿ ಗಾತ್ರಕ್ಕಿಂತ ಹೆಚ್ಚು ಖಾಲಿ ಜಾಗವಿರುವ ಇನ್ನೊಂದು ಡಿಸ್ಕ್ ಬೇಕು. ಅದರ ಫೈಲ್‌ಸಿಸ್ಟಮ್ ಫ್ಯಾಟ್32 ಆಗಿರಬಾರದು, ಅಲ್ಲಿ ಒಂದು ಫೈಲ್ 4 ಜಿಬಿ ದಾಟುವುದಿಲ್ಲ. ಯಾವುದು ಯಾವ ಡಿಸ್ಕ್ ಎಂಬುದನ್ನು ‘ಎಲ್‌ಎಸ್‌ಬಿಎಲ್‌ಕೆ -ಓ ನೇಮ್,ಸೈಜ್,ಮಾಡೆಲ್,ಸೀರಿಯಲ್’ ಕೊಟ್ಟು, ಡಿಸ್ಕ್ ಮೇಲಿನ ಚೀಟಿಯ ಸೀರಿಯಲ್ ನಂಬರ್ ಜೊತೆ ತಾಳೆ ನೋಡಿ. ಇಲ್ಲಿ ಅದಲುಬದಲಾದರೆ ಕಥೆ ಮುಗಿಯಿತು.

ಡಿಡಿರೆಸ್ಕ್ಯೂ -ಡಿ -ಎನ್ /ಡೆವ್/ಎಸ್‌ಡಿಬಿ ಡಿಸ್ಕ್.ಐಎಂಜಿ ಡಿಸ್ಕ್.ಮ್ಯಾಪ್

ಡಿಡಿರೆಸ್ಕ್ಯೂ -ಡಿ -ಆರ್3 /ಡೆವ್/ಎಸ್‌ಡಿಬಿ ಡಿಸ್ಕ್.ಐಎಂಜಿ ಡಿಸ್ಕ್.ಮ್ಯಾಪ್

(/ಡೆವ್/ಎಸ್‌ಡಿಬಿ ಇರುವ ಕಡೆ ನಿಮ್ಮ ಕೆಟ್ಟ ಡಿಸ್ಕ್‌ನ ಹೆಸರು ಹಾಕಿ.) ಮೊದಲ ಸಲ ಸುಲಭಕ್ಕೆ ಓದಲು ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಹಠ ಹಿಡಿದ ಜಾಗಗಳನ್ನು ಕೆದಕುವುದಿಲ್ಲ. ಎರಡನೇ ಸಲ ಉಳಿದದ್ದನ್ನು ಕೆದಕಿ, ಓದಲು ಬಾರದ ಸೆಕ್ಟರ್‌ಗಳ ಮೇಲೆ ಮತ್ತೆ ಮೂರು ಸುತ್ತು ಪ್ರಯತ್ನಿಸುತ್ತದೆ. ಈ ಕ್ರಮ ತಪ್ಪಿಸಬೇಡಿ: ಸಾಯುತ್ತಿರುವ ಡಿಸ್ಕ್ ಕೆಟ್ಟ ಜಾಗದಲ್ಲೇ ಒದ್ದಾಡುತ್ತಾ ಪೂರ್ತಿ ನಿಂತುಬಿಟ್ಟರೆ ಚೆನ್ನಾಗಿದ್ದದ್ದೂ ಸಿಗದು. ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಜೋಪಾನ. ಕರೆಂಟ್ ಹೋದರೂ, ಡಿಸ್ಕ್ ಬಿಸಿಯಾಯಿತೆಂದು ನೀವೇ ನಿಲ್ಲಿಸಿದರೂ, ಅದೇ ಕಮಾಂಡ್ ಮತ್ತೆ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಪಾರ್ಟಿಶನ್ (ಡಿಸ್ಕ್‌ನ ಒಂದು ವಿಭಾಗ) ಒಂದನ್ನೇ ಅಲ್ಲ, ಇಡೀ ಡಿಸ್ಕ್ ನಕಲು ಮಾಡಿ. ಪಾರ್ಟಿಶನ್ ಟೇಬಲ್ಲೇ ಕೆಟ್ಟಿರಬಹುದು.

ಮುಗಿದ ಮೇಲೆ ಮೂಲ ಡಿಸ್ಕ್ ಬಿಚ್ಚಿಟ್ಟು, ಇಮೇಜಿನ ಇನ್ನೊಂದು ಪ್ರತಿ ಮಾಡಿ. ಇನ್ನು ಮುಂದಿನದ್ದೆಲ್ಲ ಆ ಪ್ರತಿಯ ಮೇಲೆ.

ನಕಲಿನ ಮೇಲೆ ಪ್ರಯೋಗ

‘ಲೋಸೆಟಪ್ -ಎಫ್‌ಪಿ’ ಕೊಟ್ಟು (ಇದರಲ್ಲಿ ಪಿ ಮಾತ್ರ ದೊಡ್ಡಕ್ಷರ) ಇಮೇಜನ್ನು ಡಿಸ್ಕ್‌ನಂತೆ ಜೋಡಿಸಿ. ಮೊದಲು ಓದಲು ಮಾತ್ರ ಮೌಂಟ್ ಮಾಡಿ (ತೆರೆದು) ನೋಡಿ. ಲಿನಕ್ಸ್‌ನ ಎಕ್ಸ್ಟ್4 ಫೈಲ್‌ಸಿಸ್ಟಮ್ ಆದರೆ ‘ಆರ್‌ಓ’ (ಓದಲು ಮಾತ್ರ) ಒಂದೇ ಸಾಲದು, ಅದು ಆಗಲೂ ಜರ್ನಲ್ (ಬಾಕಿ ಉಳಿದ ಬದಲಾವಣೆಗಳ ದಾಖಲೆ) ಓಡಿಸುತ್ತದೆ, ‘ಆರ್‌ಓ,ನೋಲೋಡ್’ ಕೊಡಿ. ಲಿನಕ್ಸ್‌ನ ಇನ್ನೊಂದು ಫೈಲ್‌ಸಿಸ್ಟಮ್ ಎಕ್ಸ್‌ಎಫ್‌ಎಸ್‌ಗೆ ‘ಆರ್‌ಓ,ನೋರಿಕವರಿ’. ಮೌಂಟ್ ಆದರೆ ಫೈಲ್‌ಗಳನ್ನು ಎತ್ತಿಕೊಳ್ಳಿ, ಕೆಲಸ ಮುಗಿದಂತೆಯೇ.

ಆಗದಿದ್ದರೆ, ಎಕ್ಸ್ಟ್4ನಲ್ಲಿ ಸಾಮಾನ್ಯವಾಗಿ ಹಾಳಾಗಿರುವುದು ಮೊದಲ ಸೂಪರ್‌ಬ್ಲಾಕ್ (ಫೈಲ್‌ಸಿಸ್ಟಮ್‌ನ ಮೂಲ ವಿವರ ಇರುವ ಜಾಗ). 4 ಕೆಬಿ ಬ್ಲಾಕ್ ಇದ್ದರೆ ಅದರ ಪ್ರತಿಗಳು 32768, 98304, 163840ನೇ ಬ್ಲಾಕ್‌ಗಳಲ್ಲಿರುತ್ತವೆ. ‘ಇ2ಎಫ್‌ಎಸ್‌ಸಿಕೆ -ಬಿ 32768’ ಎಂದು ಕೊಟ್ಟರೆ ಆ ಪ್ರತಿಯನ್ನು ಹಿಡಿದು ಸರಿಪಡಿಸುತ್ತದೆ. ಹೆಸರು ಕಳೆದುಕೊಂಡ ಫೈಲ್‌ಗಳನ್ನು ‘ಲಾಸ್ಟ್+ಫೌಂಡ್’ನಲ್ಲಿ ಹುಡುಕಿ.

ವಿಂಡೋಸ್‌ನ ಎನ್‌ಟಿಎಫ್‌ಎಸ್ ಆದರೆ ಟೆಸ್ಟ್‌ಡಿಸ್ಕ್ ಎಂಬ ರಿಕವರಿ ಸಾಧನದಲ್ಲಿ ಇಮೇಜ್ ತೆರೆಯಿರಿ. ಬೂಟ್ ಸೆಕ್ಟರ್‌ನ (ಪಾರ್ಟಿಶನ್‌ನ ಮೊದಲ ಸೆಕ್ಟರ್) ಇನ್ನೊಂದು ನಕಲು ಪಾರ್ಟಿಶನ್‌ನ ಕೊನೆಯ ಸೆಕ್ಟರ್‌ನಲ್ಲಿದೆ, ಫ್ಯಾಟ್32ನಲ್ಲಿ 6ನೇ ಸೆಕ್ಟರ್‌ನಲ್ಲಿ. ‘ಅಡ್ವಾನ್ಸ್ಡ್’ನಲ್ಲಿ ಪಾರ್ಟಿಶನ್ ಆರಿಸಿ ‘ಬೂಟ್’ಗೆ ಹೋದರೆ ಎರಡನ್ನೂ ಹೋಲಿಸಿ, ಪ್ರತಿಯಿಂದ ಮೂಲವನ್ನು ತುಂಬಲು ಬಿಡುತ್ತದೆ. ಎಷ್ಟೋ ‘ರಾ’ ಡಿಸ್ಕ್‌ಗಳು ಇಷ್ಟಕ್ಕೇ ಮರಳಿ ತೆರೆದುಕೊಳ್ಳುತ್ತವೆ.

ಕಳೆದ ಫೈಲ್‌ಗಳನ್ನು ಹೆಕ್ಕುವ ಫೋಟೋರೆಕ್ ಕೊನೆಗೆ. ಅದು ಫೈಲ್‌ಸಿಸ್ಟಮ್ ಕಡೆ ನೋಡದೆ ಫೈಲ್‌ನ ಮೊದಲ ಬೈಟ್‌ಗಳ ಗುರುತು ಹಿಡಿದು ಹೆಕ್ಕುತ್ತದೆ (ಜೆಪೆಗ್ ಆದರೆ ಎಫ್‌ಎಫ್ ಡಿ8 ಎಫ್‌ಎಫ್). ಹೆಸರು, ಫೋಲ್ಡರ್ ಎರಡೂ ಹೋಗುತ್ತವೆ. ತುಂಡು ತುಂಡಾಗಿ ಚದುರಿದ ದೊಡ್ಡ ವೀಡಿಯೋಗಳು ಹೆಚ್ಚಾಗಿ ಅರ್ಧಕ್ಕೇ ಕೆಟ್ಟು ಬರುತ್ತವೆ. ಬೇಕಾದ ಬಗೆಯ ಫೈಲ್‌ಗಳನ್ನಷ್ಟೇ ಆರಿಸಿ, ಇಲ್ಲದಿದ್ದರೆ ಸಾವಿರಾರು ಐಕಾನ್‌ಗಳ ನಡುವೆ ಹುಡುಕುತ್ತಾ ಕೂರಬೇಕು. ಬಿಟ್‌ಲಾಕರ್ (ವಿಂಡೋಸ್‌ನ ಎನ್‌ಕ್ರಿಪ್ಶನ್) ಹಾಕಿದ ಡಿಸ್ಕ್‌ನಲ್ಲಿ 48 ಅಂಕಿಯ ರಿಕವರಿ ಕೀ ಅಥವಾ ಪಾಸ್‌ವರ್ಡ್ ಕೊಟ್ಟು ಬೀಗ ತೆಗೆಯದೆ ಇದನ್ನು ಓಡಿಸಿದರೆ ಏನೂ ಸಿಗದು.

ಯಾವ ಫೈಲ್ ಕೆಟ್ಟಿದೆ?

ಓದಲಾಗದ ಸೆಕ್ಟರ್‌ಗಳು ಇಮೇಜಿನಲ್ಲಿ ಸೊನ್ನೆಗಳಾಗಿ ಉಳಿದಿರುತ್ತವೆ. ಫೈಲ್ ಗಾತ್ರ ಸರಿಯಾಗೇ ಕಾಣುವುದರಿಂದ ಮೋಸ ಹೋಗುವುದು ಸುಲಭ. ಎಲ್ಲಿಯೂ ಬಾರದ ಒಂದು ಪದವನ್ನು ‘ಗುರುತು’ ಎಂಬ ಫೈಲ್‌ನಲ್ಲಿ ಬರೆದಿಟ್ಟು, ಕೈ ಹಚ್ಚದ ಇಮೇಜಿನ ಹೊಸ ಪ್ರತಿಯೊಂದರ ಮೇಲೆ ಹೀಗೆ ಕೊಡಿ:

ಡಿಡಿರೆಸ್ಕ್ಯೂ --ಫಿಲ್-ಮೋಡ್=- ಗುರುತು ಪ್ರತಿ.ಐಎಂಜಿ ಡಿಸ್ಕ್.ಮ್ಯಾಪ್

ಕೆಟ್ಟ ಸೆಕ್ಟರ್‌ಗಳಲ್ಲೆಲ್ಲ ಆ ಪದ ತುಂಬಿಕೊಳ್ಳುತ್ತದೆ. ಆ ಪ್ರತಿಯನ್ನು ಮೌಂಟ್ ಮಾಡಿ ‘ಗ್ರೆಪ್ -ಆರ್‌ಎಲ್’ನಿಂದ ಪದ ಹುಡುಕಿದರೆ ಹಾಳಾದ ಫೈಲ್‌ಗಳ ಪಟ್ಟಿ ಸಿಗುತ್ತದೆ. ಅವನ್ನು ಬ್ಯಾಕಪ್, ಮೇಲ್ ಅಥವಾ ಫೋನಿನಲ್ಲಿ ಹುಡುಕಿ. ಆ ಪಟ್ಟಿ ಪೂರ್ತಿ ಇತ್ಯರ್ಥವಾಗುವವರೆಗೆ ಮೂಲ ಡಿಸ್ಕ್ ಅಳಿಸಬೇಡಿ, ವಾರಂಟಿಗೂ ಕೊಡಬೇಡಿ. ಎಸ್‌ಎಸ್‌ಡಿ ಆದರೆ ಇನ್ನೂ ಎಚ್ಚರ: ಕ್ವಿಕ್ ಫಾರ್ಮ್ಯಾಟ್ ಜೊತೆಗೇ ಟ್ರಿಮ್ (ಬೇಡದ ಜಾಗ ಖಾಲಿ ಮಾಡುವ ಆದೇಶ) ಓಡಿದರೆ ಫೋಟೋರೆಕ್‌ಗೂ ಉಳಿಯುವುದು ಸೊನ್ನೆಗಳಷ್ಟೇ.